ಅಂಚಿನ ಭಯವೂ ತೊಟ್ಟಿಲ ಹರ್ಷವೂ

ಮನುಷ್ಯನಿಗಿರುವ ನಾನಾ ವಿಧವಾದ ಭಯಗಳಲ್ಲಿ ಎತ್ತರದ ಭಯವು ಬಹು ವಿಚಿತ್ರವಾದುದು. ಹಾವಿಗೆ ಹೆದರುವವನು ಹಾವಾಡಿಗನ ಬುಟ್ಟಿಯೊಳಗೆ ಕೈಯಿಡುವುದಕ್ಕೆ ಹಣ ತೆತ್ತು ಹೋಗುವುದಿಲ್ಲ. ನೀರಿಗೆ ಅಂಜುವವನು ಮಡುವನ್ನು ಹುಡುಕಿಕೊಂಡು ಅಲೆಯುವುದಿಲ್ಲ. ಆದರೆ ಎತ್ತರಕ್ಕೆ ಅಂಜುವವರಲ್ಲಿ ಅನೇಕರು ಜಾತ್ರೆಯ ರಾಟೆತೊಟ್ಟಿಲನ್ನು ಕಂಡೊಡನೆ ಮಕ್ಕಳಿಗಿಂತ ಮುಂದಾಗಿ ಓಡುವರು. ಮೈಸೂರಿನ ದಸರಾ ವಸ್ತುಪ್ರದರ್ಶನದ ದೊಡ್ಡ ಚಕ್ರದಲ್ಲಿ ಕುಳಿತು ಮೇಲೇರಿ ಕೂಗುವರು. ೨೦೦೫ ರಲ್ಲಿ ಬಿಡದಿಯ ಬಳಿ ತೆರೆದ ವಂಡರ್‌ಲಾ ಎಂಬ ವಿನೋದೋದ್ಯಾನಕ್ಕೆ ಹೋಗಿ, ಹಳಿಯ ಮೇಲೆ ತಲೆಕೆಳಗಾಗಿ ಧುಮುಕುವ ರೋಲರ್ ಕೋಸ್ಟರ್ ಗಾಡಿಗಾಗಿ ಬಿಸಿಲಿನಲ್ಲಿ ಸಾಲುಗಟ್ಟಿ ನಿಲ್ಲುವರು. ಅಂತಹವನನ್ನೇ ಮಾರನೆಯ ವಾರ ಗುಂಡ್ಲುಪೇಟೆಯ ಹಿಮವದ್ಗೋಪಾಲಸ್ವಾಮಿಬೆಟ್ಟಕ್ಕೆ ಕರೆದೊಯ್ದು, ದೇವಾಲಯದ ಹೊರಗೆ ಹುಲ್ಲುಬೋರೆಯು ಇಳಿಜಾರಾಗುವೆಡೆಯಲ್ಲಿ ನಿಲ್ಲಿಸಿದರೆ ಮುಖವು ಬಿಳಿಚುವುದು, ಅಂಗೈ ಬೆವರುವುದು, ಮೊಣಕಾಲು ಸಡಿಲವಾಗುವುದು. ಮಂಜು ಮುಸುಕಿ ಕಣಿವೆಯು ಕಾಣದಂತಾದರೆ ಅವನು ದೇವರಿಗೆ ಕೈಮುಗಿದು ನಿಟ್ಟುಸಿರು ಬಿಡುವನು!

ಇದನ್ನು ಕಂಡ ಜೊತೆಗಾರರು ಬಹು ಸುಲಭವಾಗಿ ತೀರ್ಪು ಕೊಡುವರು. ತೊಟ್ಟಿಲಲ್ಲಿ ನಕ್ಕವನು ಇಲ್ಲಿ ನಡುಗುವುದು ಬರಿಯ ಸೋಗು. ಇಲ್ಲಿಯ ನಡುಕವು ನಿಜವಾದರೆ ಅಲ್ಲಿಯ ನಗೆಯು ಸೋಗು. ಎರಡೂ ನಿಜವಾಗಿರುವುದು ಹೇಗೆ ಸಾಧ್ಯ? ಈ ಪ್ರಶ್ನೆಯನ್ನು ಹಾಸ್ಯಕ್ಕಾಗಿ ಕೇಳುವುದೇ ವಾಡಿಕೆಯಾದರೂ ಉತ್ತರವು ಹಾಸ್ಯದ್ದಲ್ಲ. ಏಕೆಂದರೆ ಸೋಗೆಂದು ತೀರ್ಮಾನವಾದೊಡನೆ ಮುಂದಿನ ಕೆಲಸವು ತಪ್ಪದೆ ನಡೆಯುವುದು. ಅಂಜಿದವನ ತೋಳನ್ನು ಹಿಡಿದು ಅಂಚಿಗೆಳೆಯುವುದು, ಹಿಂದಿನಿಂದ ಮೆಲ್ಲನೆ ನೂಕಿದಂತೆ ಮಾಡಿ ನಗುವುದು, ಭಾವಚಿತ್ರ ತೆಗೆಯುವ ನೆಪದಿಂದ ಇನ್ನೊಂದಡಿ, ಇನ್ನೊಂದಡಿ ಎಂದು ಹಿಂದಕ್ಕೆ ಸರಿಸುವುದು—ಇವೆಲ್ಲಕ್ಕೂ ಆ ತೀರ್ಪೇ ಅಪ್ಪಣೆಯ ಚೀಟಿಯಾಗುವುದು.

ಪಾಶ್ಚಾತ್ಯ ತತ್ತ್ವಜ್ಞರಲ್ಲಿ ಕೆಲವರು ಈ ಭಯವನ್ನು ಕುರಿತು ಸ್ವಾರಸ್ಯವಾಗಿ ವಿಚಾರಮಾಡಿರುವರು. ಫ್ರಾನ್ಸಿನ ಮಾಂಟೇನನು, ತತ್ತ್ವಜ್ಞಾನಿಯೊಬ್ಬನನ್ನು ತಂತಿಯ ಪಂಜರದೊಳಗಿರಿಸಿ ಪ್ಯಾರಿಸ್ ನಗರದ ನೋತ್ರದಾಮ್ ಗೋಪುರದ ತುದಿಯಿಂದ ತೂಗುಬಿಟ್ಟರೆ, ತಾನು ಬೀಳಲಾರನೆಂದು ಅವನ ಬುದ್ಧಿಯು ಬಲ್ಲದಾದರೂ ಕೆಳಗಿನ ಆಳವನ್ನು ಕಂಡು ಕಂಗೆಡದಿರಲಾರನೆಂದು ೧೬ನೆಯ ಶತಮಾನದಲ್ಲಿ ಬರೆದನು. ಪಾಸ್ಕಲನು ಅದೇ ತತ್ತ್ವಜ್ಞಾನಿಯನ್ನು ಪ್ರಪಾತದ ಮೇಲಿರಿಸಿದ ಅಗಲವಾದ ಹಲಗೆಯ ಮೇಲೆ ನಿಲ್ಲಿಸಿದನು. ಸ್ಕಾಟ್ಲೆಂಡಿನ ಹ್ಯೂಮನು ೧೭೩೯ ರ ತನ್ನ ಗ್ರಂಥದಲ್ಲಿ ಕಬ್ಬಿಣದ ಪಂಜರವನ್ನೇ ಮತ್ತೆ ಗೋಪುರಕ್ಕೆ ನೇತುಹಾಕಿದನು. ಪಾಪ, ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ತತ್ತ್ವಜ್ಞಾನಿಗೆ ನೆಲದ ಮೇಲೆ ಕಾಲಿಡುವ ಯೋಗವೇ ದೊರೆಯಲಿಲ್ಲ! ಮೂವರ ಅಭಿಪ್ರಾಯವೂ ಸ್ಥೂಲವಾಗಿ ಒಂದೇ: ಕ್ಷೇಮವಿದೆಯೆಂದು ಬುದ್ಧಿಯು ಹೇಳಿದರೂ ಕಲ್ಪನೆಯು ಕೇಳುವುದಿಲ್ಲ.

ಈ ಉತ್ತರವು ಅರ್ಧಕ್ಕೆ ನಿಲ್ಲುತ್ತದೆ. ಕಲ್ಪನೆಯೊಂದೇ ಕಾರಣವಾಗಿದ್ದರೆ, ಬಂಡೆಯ ಮೇಲೆ ಸ್ಥಿರವಾಗಿ ನಿಂತವನಿಗಿಂತ ಆಕಾಶದಲ್ಲಿ ಧುಮುಕುತ್ತಿರುವವನಿಗೆ ಭಯವು ನೂರ್ಮಡಿಯಾಗಬೇಕಾಗಿತ್ತು. ಹ್ಯೂಮನ ಪಂಜರಕ್ಕೂ ರಾಟೆತೊಟ್ಟಿಲಿಗೂ ಆಕಾರದಲ್ಲಿ ಭೇದವೇನೂ ಇಲ್ಲ. ಒಂದರಲ್ಲಿ ತತ್ತ್ವಜ್ಞಾನಿ ನಡುಗುವನು. ಇನ್ನೊಂದರಲ್ಲಿ ರೈತನ ಮಗನು ಕೇಕೆಹಾಕುವನು. ಈ ಭೇದವು ಎಲ್ಲಿಂದ ಬಂದಿತು?

ಒಂದಂಶವು ದೇಹಧರ್ಮಕ್ಕೆ ಸೇರಿದುದು. ನಿಂತಿರುವ ಮನುಷ್ಯನು ನಿಶ್ಚಲನಲ್ಲ. ಅವನ ಮೈ ಎಡೆಬಿಡದೆ ಕೂದಲೆಳೆಯಷ್ಟು ಅತ್ತಿತ್ತ ತೂಗುತ್ತಲೇ ಇರುವುದು. ಒಳಕಿವಿ, ಅಂಗಾಲು, ಕಣ್ಣು ಇವು ಮೂರೂ ಕೂಡಿ ಆ ತೂಗಾಟವನ್ನು ತಿದ್ದುತ್ತಿರುವುವು. ಕಣ್ಣು ಈ ಕೆಲಸವನ್ನು ಮಾಡುವುದು ಸಮೀಪದಲ್ಲಿರುವ ಗೋಡೆ ಗಿಡಗಳ ಆಧಾರದಿಂದ. ಪ್ರಪಾತದ ಅಂಚಿನಲ್ಲಿ ಎದುರಿಗೆ ಹತ್ತಿರದ ವಸ್ತುವೇ ಇಲ್ಲದಿರುವಾಗ ಮೈ ತೂಗಿದುದು ಕಣ್ಣಿಗೆ ತಿಳಿಯದು. ತೂಗಾಟವು ಹೆಚ್ಚಿ, ನೆಲವೇ ಅಲುಗಿದಂತಾಗುವುದು. ೧೯೮೦ ರ ಸುಮಾರಿಗೆ ಜರ್ಮನಿಯ ನರವೈದ್ಯರು ಇದನ್ನು ಪರೀಕ್ಷೆಗಳಿಂದ ವಿಶದಪಡಿಸಿದರು. ಎತ್ತರದಲ್ಲಿ ತಲೆಸುತ್ತಿದವನು ಕುಳಿತುಕೊಂಡರೆ, ಕಂಬವನ್ನು ಹಿಡಿದರೆ ಅಥವಾ ಪಕ್ಕದ ಕಲ್ಲನ್ನು ನೋಡಿದರೆ ಸಮಾಧಾನವಾಗುವುದಕ್ಕೆ ಇದೇ ಕಾರಣ. ಆದುದರಿಂದ ಅಂಚಿನಲ್ಲಿ ನಡುಗುವವನ ಕಾಲುಗಳು ಸುಳ್ಳನ್ನು ಹೇಳುತ್ತಿಲ್ಲ. ತೊಟ್ಟಿಲಲ್ಲಿ ಕುಳಿತವನಿಗಾದರೋ ಈ ತೂಕಕಾಯುವ ಹೊಣೆಯೇ ಇಲ್ಲ. ಬೆನ್ನಿಗೆ ಹಲಗೆಯೂ ಎದೆಗೆ ಅಡ್ಡಪಟ್ಟಿಯೂ ಉಂಟು.

ಹೊಣೆ ಎಂಬ ಈ ಮಾತು ದೇಹಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಡೆನ್ಮಾರ್ಕಿನ ಕೀರ್ಕೆಗಾರ್ಡನು ೧೮೪೪ ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಳವನ್ನು ಇಣಿಕಿನೋಡುವವನಿಗೆ ತಲೆಸುತ್ತುವುದಕ್ಕೆ ಆಳವು ಎಷ್ಟು ಕಾರಣವೋ ಅವನ ಕಣ್ಣೂ ಅಷ್ಟೇ ಕಾರಣವೆಂದು ಹೇಳಿ, ಮನುಷ್ಯನು ತನ್ನ ಸ್ವಾತಂತ್ರ್ಯವನ್ನು ಇಣಿಕಿನೋಡಿದಾಗ ಉಂಟಾಗುವ ಕಳವಳವೂ ಇಂತಹುದೇ ಎಂದನು. ೧೯೪೩ ರಲ್ಲಿ ಸಾರ್ತ್ರನು ಇನ್ನೂ ಬಿಚ್ಚಿ ಹೇಳಿದನು: ಪ್ರಪಾತದ ದಾರಿಯಲ್ಲಿ ನಡೆಯುವವನು ಕಾಲುಜಾರಿ ಬಿದ್ದೇನೆಂದು ಹೆದರುವುದು ಒಂದು, ತಾನೇ ಧುಮುಕಿಬಿಟ್ಟೇನೋ ಎಂದು ತನಗೆ ತಾನೇ ಹೆದರುವುದು ಇನ್ನೊಂದು. ತಡೆಯುವವರು ಯಾರೂ ಇಲ್ಲ, ತಡೆಯಬೇಕಾದವನು ತಾನೊಬ್ಬನೇ. ಬದುಕಿನಲ್ಲಿ ಯಾವ ಬೇಸರವೂ ಇಲ್ಲದ ಗೃಹಸ್ಥರಿಗೂ ಈ ಆಲೋಚನೆ ಮಿಂಚಿನಂತೆ ಹೊಳೆದು ಮಾಯವಾಗುವುದುಂಟು. ಹೇಳಿದರೆ ಹುಚ್ಚೆಂದಾರೆಂದು ಅವರು ಸುಮ್ಮನಿರುವರು. ಅಮೆರಿಕದ ಫ್ಲಾರಿಡ ಪ್ರಾಂತದ ಮನಶ್ಶಾಸ್ತ್ರಜ್ಞರು ೨೦೧೨ ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಯುವ ಯೋಚನೆಯನ್ನೇ ಎಂದೂ ಮಾಡದವರಲ್ಲಿಯೂ ಅನೇಕರಿಗೆ ಎತ್ತರದಲ್ಲಿ ಇಂತಹ ಎಳೆತವು ತೋರುವುದೆಂದೂ, ಅದು ಜೀವವು ತನ್ನನ್ನು ತಾನು ಹಿಂದಕ್ಕೆ ಸೆಳೆದುಕೊಂಡುದರ ತಪ್ಪು ಅರ್ಥವಾಗಿರಬಹುದೆಂದೂ ಊಹಿಸಿದರು. ಗುಟ್ಟಾಗಿ ಅಳುಕಿದವರಿಗೆ ಇದು ದೊಡ್ಡ ಸಮಾಧಾನ.

ಈ ವಿಷಯವನ್ನು ತಿಳಿಯುವುದಕ್ಕೆ ಯೂರೋಪಿಗೆ ಹೋಗಲೇಬೇಕೆಂದಿಲ್ಲ. ಬಿಳಿಗಿರಿರಂಗನ ಸನ್ನಿಧಿಯಲ್ಲಿಯೂ ಗೋಪಾಲಸ್ವಾಮಿಯ ಸನ್ನಿಧಿಯಲ್ಲಿಯೂ ಪೂಜೆಗೊಳ್ಳುವ ದೇವರನ್ನು ಕುರಿತು ಶ್ರೀವೈಷ್ಣವಾಚಾರ್ಯರು ಶರಣಾಗತಿಯ ಚರ್ಚೆಯಲ್ಲಿ ಎರಡು ದೃಷ್ಟಾಂತಗಳನ್ನು ಹೇಳಿರುವರು. ಕೋತಿಯ ಮರಿಯು ತಾಯಿಯನ್ನು ತಾನೇ ಅವುಚಿಕೊಂಡಿರಬೇಕು, ಕೈಬಿಟ್ಟರೆ ಕೆಟ್ಟಿತು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುವುದು. ಮರಿಯು ಮಾಡಬೇಕಾದುದೇನೂ ಇಲ್ಲ. ಮರ್ಕಟಕಿಶೋರನ್ಯಾಯ, ಮಾರ್ಜಾಲಕಿಶೋರನ್ಯಾಯ ಎಂಬ ಈ ಎರಡರಿಂದ ವಡಗಲೆ ತೆಂಗಲೆಗಳ ಭೇದವನ್ನು ವಿವರಿಸುವುದು ಸಂಪ್ರದಾಯ. ಮೋಕ್ಷದ ವಿಷಯದಲ್ಲಿ ಯಾವುದು ಸರಿಯೆಂಬುದನ್ನು ಬಲ್ಲವರು ನಿರ್ಣಯಿಸಲಿ. ಎತ್ತರದ ವಿಷಯದಲ್ಲಿ ಮಾತ್ರ, ಬಂಡೆಯ ಅಂಚಿನಲ್ಲಿ ನಿಂತವನು ಕೋತಿಯ ಮರಿ, ತೊಟ್ಟಿಲಲ್ಲಿ ಕುಳಿತವನು ಬೆಕ್ಕಿನ ಮರಿ. ಒಬ್ಬನೇ ಮನುಷ್ಯನು ಒಂದು ಕಡೆ ಅಂಜಿ ಇನ್ನೊಂದು ಕಡೆ ನಲಿದರೆ, ಅವನು ಎತ್ತರಕ್ಕೆ ಅಂಜಲಿಲ್ಲವೆಂದೂ, ತನ್ನ ಜೀವಕ್ಕೆ ತಾನೊಬ್ಬನೇ ಕಾವಲುಗಾರನಾಗಿ ನಿಲ್ಲುವುದಕ್ಕೆ ಅಂಜಿದನೆಂದೂ ತಿಳಿಯಬೇಕು. ಆ ಕಾವಲನ್ನು ಗಳಿಗೆಯ ಮಟ್ಟಿಗೆ ಬೇರೊಬ್ಬರಿಗೆ ಒಪ್ಪಿಸಿದೊಡನೆ ಅದೇ ಆಳವು ಅವನಿಗೆ ಆಟವಾಗುವುದು.

ಗೋಪಾಲಸ್ವಾಮಿಬೆಟ್ಟದ ದಾರಿಯೇ ಇದಕ್ಕೆ ಸಾಕ್ಷಿ. ಖಾಸಗಿ ವಾಹನಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸಿ ಯಾತ್ರಿಕರು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರತಕ್ಕ ಏರ್ಪಾಡು ಅಲ್ಲಿದೆ. ತಿರುವಿನಲ್ಲಿ ಬಸ್ಸು ಹೊರಳಿದಾಗ ಕಿಟಕಿಯ ಪಕ್ಕದವನ ಕಣ್ಣಮುಂದೆ ನೆಲವೇ ಇಲ್ಲದೆ ಬರಿಯ ಬಯಲಿರುವುದು. ಆದರೂ ಅವನು ಕಡಲೆಕಾಯಿ ಸುಲಿಯುತ್ತಿರುವನು. ತುದಿಗೆ ಬಂದು ಇಳಿದು, ನಿಶ್ಚಲವಾದ ಭೂಮಿಯ ಮೇಲೆ ಕಾಲಿಟ್ಟ ಮೇಲೆಯೇ ಅವನಿಗೆ ಭಯವು ಹುಟ್ಟುವುದು. ವಾಸ್ತವವಾಗಿ ಎರಡರಲ್ಲಿ ಯಾವುದು ಹೆಚ್ಚು ಅಪಾಯಕರವೆಂದು ಲೆಕ್ಕಹಾಕಿದರೆ ಉತ್ತರವು ಬಸ್ಸಿನ ಪಕ್ಷದಲ್ಲಿರದು. ಆದರೆ ಚಾಲಕನು ಎಚ್ಚರವಾಗಿರುವನು. ಆದುದರಿಂದ ಪ್ರಯಾಣಿಕನು ತೂಕಡಿಸಬಹುದು.

ಇಲ್ಲಿ ಆಲಂಕಾರಿಕರ ಪರವಾಗಿ ಒಂದು ಆಕ್ಷೇಪವು ಬರಬಹುದು. ನಾಟಕದಲ್ಲಿ ಭಯವು ಭಯಾನಕರಸವಾಗಿ ಆಸ್ವಾದ್ಯವಾಗುವುದಷ್ಟೆ? ದುಷ್ಯಂತನ ಬಾಣಕ್ಕೆ ಅಂಜಿ ಓಡುವ ಜಿಂಕೆಯನ್ನು ಕಾಳಿದಾಸನು ವರ್ಣಿಸಿದುದನ್ನೇ ಅಭಿನವಗುಪ್ತನು ಉದಾಹರಿಸಿ, ಅಲ್ಲಿಯ ಭಯವು ನನ್ನದು, ಪರರದು, ಈಗಿನದು, ಇಲ್ಲಿಯದು ಎಂಬ ಕಟ್ಟುಗಳನ್ನು ಕಳಚಿಕೊಂಡುದರಿಂದ ಸಹೃದಯನಿಗೆ ಸವಿಯಾಯಿತೆಂದು ವಿವರಿಸಿದನು. ತೊಟ್ಟಿಲ ಹರ್ಷವೂ ಹೀಗೆಯೇ ಏಕಾಗಬಾರದು? ಹೋಲಿಕೆಯುಂಟು, ಆದರೆ ಪೂರ್ತಿಯಾಗಿಲ್ಲ. ನಾಟಕಶಾಲೆಯಲ್ಲಿ ಓಡುವುದು ಜಿಂಕೆ. ತೊಟ್ಟಿಲಲ್ಲಿ ಬೀಳುವುದು ತನ್ನದೇ ಹೊಟ್ಟೆ. ಗಾಡಿಯು ಧುಮುಕುವಾಗ ಮೈ ಹಗುರಾಗುವುದೂ ಕರುಳು ಮೇಲಕ್ಕೆ ಬಂದಂತಾಗುವುದೂ ಕಾವ್ಯದ ವ್ಯಂಜನೆಯಲ್ಲ. ಇಲ್ಲಿ ‘ನನ್ನದು’ ಎಂಬುದು ಅಳಿಯುವುದಿಲ್ಲ. ‘ನನ್ನ ಹೊಣೆ’ ಎಂಬುದು ಮಾತ್ರ ಅಳಿಯುವುದು. ಅಳುವ ಮಗುವನ್ನು ಬಲಾತ್ಕಾರದಿಂದ ತೊಟ್ಟಿಲೊಳಗೆ ಕೂರಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಹೊಣೆಯನ್ನು ತಾನಾಗಿ ಒಪ್ಪಿಸದ ಆ ಮಗುವಿಗೆ ಅದೇ ಚಕ್ರ, ಅದೇ ಎತ್ತರ, ಬರಿಯ ಘೋರವಾಗುವುದು.

ಹಾಗಾದರೆ ತೊಟ್ಟಿಲೇರುವುದು ಧೈರ್ಯವೇ? ಅಲ್ಲವೆಂದೇ ಹೇಳಬೇಕು, ಅದನ್ನು ಧೈರ್ಯವೆಂದು ಮೆರೆಯುವ ಯುವಕರು ಬೇಸರಪಟ್ಟುಕೊಳ್ಳಬಾರದು. ಬಿಳಿಗಿರಿಯ ಕಾಡಿನ ಸೋಲಿಗರು ಹೆಜ್ಜೇನಿನ ಹುಟ್ಟಿಗಾಗಿ ಹೆಮ್ಮರಗಳನ್ನು ಏರುವರು. ಹೊಗೆಯ ಸೂಡಿಯನ್ನು ಹಿಡಿದು, ಸಾವಿರಾರು ಹುಳುಗಳ ನಡುವೆ ಒಂದು ಕೈಯಿಂದ ಕೊಂಬೆಯನ್ನೂ ಇನ್ನೊಂದರಿಂದ ಕೆಲಸವನ್ನೂ ನಿರ್ವಹಿಸುವರು. ಅಲ್ಲಿ ಕಾವಲನ್ನು ಒಪ್ಪಿಸಿಕೊಳ್ಳುವ ಯಂತ್ರವಿಲ್ಲ. ಅವರು ಎತ್ತರವನ್ನು ಸವಿಯುವುದಕ್ಕೆ ಏರುವವರೂ ಅಲ್ಲ, ಇಳಿದು ಬಂದು ಕೂಗಿ ಹೇಳಿಕೊಳ್ಳುವವರೂ ಅಲ್ಲ. ಪೇಟೆಯಲ್ಲಿ ಸೀಸೆಯ ಜೇನನ್ನು ಚೌಕಾಶಿಮಾಡಿ ಕೊಳ್ಳುವವರು ಆ ಎತ್ತರವನ್ನು ಬೆಲೆಯಲ್ಲಿ ಸೇರಿಸುವುದಿಲ್ಲವೆಂಬುದು ಬೇರೆ ಮಾತು. ಧೈರ್ಯವೆಂಬ ಶಬ್ದವನ್ನು ಅಂತಹವರಿಗೆ ಉಳಿಸಿಕೊಳ್ಳುವುದು ನ್ಯಾಯ.

ಆದರೆ ತೊಟ್ಟಿಲೇರುವವನಲ್ಲಿ ಧೈರ್ಯವಿಲ್ಲವೆಂದ ಮಾತ್ರಕ್ಕೆ ಬೆಲೆಯುಳ್ಳದ್ದು ಏನೂ ಇಲ್ಲವೆಂದಾಗದು. ಅವನಲ್ಲಿ ನಂಬಿಕೆಯಿದೆ. ಅದೂ ಮುಖಪರಿಚಯವಿಲ್ಲದವರ ಮೇಲಣ ನಂಬಿಕೆ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ೧೮೮೪ ರಲ್ಲಿ ಥಾಂಪ್ಸನ್ ಎಂಬಾತನು ಹಾಕಿಸಿದ ಏರಿಳಿತದ ರೈಲು ಗಂಟೆಗೆ ಆರು ಮೈಲಿಯಷ್ಟೇ ಓಡುತ್ತಿತ್ತು. ಇಂದಿನ ಸೈಕಲ್ಲು ಅದನ್ನು ಹಿಂದೆ ಹಾಕೀತು. ೧೯೧೯ ರಲ್ಲಿ ಜಾನ್ ಮಿಲ್ಲರ್ ಎಂಬ ಶಿಲ್ಪಿಯು, ಗಾಡಿಯು ಮೇಲಕ್ಕೆ ಹಾರಿಹೋಗದಂತೆ ಹಳಿಯ ಕೆಳಮೈಯನ್ನು ಹಿಡಿದು ಉರುಳುವ ಇನ್ನೊಂದು ಚಕ್ರಕ್ಕೆ ಸನ್ನದು ಪಡೆದನು. ಆ ಅಡಿಯ ಚಕ್ರವು ಬಂದ ಮೇಲೆಯೇ ಕಡಿದಾದ ಧುಮುಕುಗಳು ಸಾಧ್ಯವಾದುವು. ಎಂದರೆ, ಭದ್ರತೆಯು ಬೆಳೆದಷ್ಟೂ ಭೀಕರತೆಯನ್ನು ಬೆಳೆಸಬಹುದಾಯಿತು. ಕುಳಿತವನ ಕಣ್ಣಿಗೆ ಕಾಣುವುದು ಆಳ. ಅವನನ್ನು ಹಿಡಿದಿರುವ ಚಕ್ರವು ಅವನ ಆಸನದ ಕೆಳಗೆ, ಕಾಣದಂತೆ ಇರುವುದು.

ಆದುದರಿಂದ ಈ ವಿಷಯದಲ್ಲಿ ಧರ್ಮದ ಭಾರವೆಲ್ಲ ಬೀಳುವುದು ಏರಿದವನ ಮೇಲಲ್ಲ, ಕೆಳಗಿರುವವನ ಮೇಲೆ. ಜಾತ್ರೆಯಿಂದ ಜಾತ್ರೆಗೆ ಲಾರಿಯಲ್ಲಿ ಹೇರಿಕೊಂಡು ಹೋಗಿ, ಒಂದೇ ರಾತ್ರಿಯಲ್ಲಿ ಚಕ್ರವನ್ನು ಎತ್ತಿ ನಿಲ್ಲಿಸುವ ಕೂಲಿಯವನು ಕೊನೆಯ ತಿರುಪನ್ನು ಬಿಗಿದನೋ ಇಲ್ಲವೋ ಎಂಬುದನ್ನು ಏರುವವನು ನೋಡುವುದಿಲ್ಲ. ನೋಡಲೂ ಬಾರದು, ನೋಡಿದರೆ ಆಟವು ಕೆಡುವುದು. ನೋಡದಿರುವುದೇ ಅವನು ಕೊಟ್ಟ ನಿಜವಾದ ಶುಲ್ಕ. ಚೀಟಿಯ ಹಣವು ಅದಕ್ಕೆ ಸೇರಿದ ಚಿಲ್ಲರೆ. ಹೆಚ್ಚು ಜನರನ್ನು ಹತ್ತಿಸಿಕೊಳ್ಳುವ ಆಸೆಯಿಂದ ಸವೆದ ಕೊಂಡಿಯನ್ನು ಇನ್ನೊಂದು ಜಾತ್ರೆಗೆ ಆದೀತೆಂದು ಬಿಡುವ ಮಾಲಿಕನು ಮಾಡುವ ಕೆಲಸವನ್ನು ಬರಿಯ ಅಜಾಗರೂಕತೆಯೆನ್ನುವುದು ಸಾಲದು. ತನ್ನ ಬಳಿ ಇಟ್ಟ ನ್ಯಾಸವನ್ನು ಕದ್ದವನ ಸಾಲಿಗೆ ಅವನು ಸೇರತಕ್ಕವನು.

ಬೆಟ್ಟದ ಅಂಚಿಗೆ ಗೆಳೆಯನನ್ನು ಎಳೆಯುವವನ ತಪ್ಪೂ ಇದೇ ಜಾತಿಯದು. ಅಂಜಿದವನಿಗೆ ಅಲ್ಲಿ ಬೇಕಾಗಿದ್ದುದು ಕಾವಲಿನಲ್ಲಿ ಪಾಲು ಹಿಡಿಯುವ ಒಬ್ಬ ಜೊತೆಗಾರ. ಸಿಕ್ಕಿದುದು, ಪ್ರಪಾತದ ಜೊತೆಗೆ ತಾನು ಎಚ್ಚರವಾಗಿರಬೇಕಾದ ಇನ್ನೊಂದು ವಸ್ತು. ಭಯವನ್ನು ಬಿಡಿಸುವುದಕ್ಕೆಂದು ಹೀಗೆ ಮಾಡಿದೆನೆಂದು ಹೇಳುವುದುಂಟು. ಜರ್ಮನಿಯ ಮಹಾಕವಿ ಗಯಟೆಯು ತಾರುಣ್ಯದಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಓದುತ್ತಿದ್ದಾಗ ಈ ಭಯದಿಂದ ಪೀಡಿತನಾಗಿ, ಅಲ್ಲಿಯ ದೇವಾಲಯದ ಗೋಪುರವನ್ನು ಒಬ್ಬನೇ ಏರಿ, ತುದಿಯ ಕೆಳಗಿನ ಗೂಡಿನಲ್ಲಿ ಸಾಕಷ್ಟು ಹೊತ್ತು ಕುಳಿತು, ಬಳಿಕ ಹಿಡಿಯುವುದಕ್ಕೆ ಆಧಾರವಿಲ್ಲದ ಮೊಳದಗಲದ ಕಲ್ಲಿನ ಮೇಲೆ ಬಂದು ನಿಲ್ಲುತ್ತಿದ್ದನೆಂದೂ, ಹಲವು ಬಾರಿ ಹೀಗೆ ಮಾಡಿ ಭಯವನ್ನು ಕಳೆದುಕೊಂಡನೆಂದೂ ಆತ್ಮಕಥೆಯಲ್ಲಿ ಬರೆದುಕೊಂಡಿರುವನು. ಮುಂದೆ ಬೆಟ್ಟಗಳಲ್ಲಿ ಅಲೆದು ಶಿಲೆಗಳನ್ನು ಪರೀಕ್ಷಿಸುವಾಗ ಅದು ಅವನಿಗೆ ಉಪಯೋಗಕ್ಕೆ ಬಂದಿತು. ಅವನನ್ನು ಯಾರೂ ಎಳೆದಿರಲಿಲ್ಲ. ಎಷ್ಟು ಹೊತ್ತು ಕುಳಿತಿರಬೇಕು, ಯಾವಾಗ ಏಳಬೇಕು ಎಂಬುದು ಅವನ ಇಚ್ಛೆಗೇ ಸೇರಿತ್ತು.

ಹಾಗೆ ಕಳೆದುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ಬಿಳಿಗಿರಿರಂಗನ ದೇವಾಲಯವು ಕಡಿಬಂಡೆಯ ಅಂಚಿನಲ್ಲಿಯೇ ಇರುವುದಷ್ಟೆ. ದರ್ಶನವಾದ ಬಳಿಕ ಹುಡುಗರು ಕಂಬಿಯವರೆಗೆ ಹೋಗಿ ಕೆಳಗಿನ ಊರುಗಳನ್ನೂ ಕೆರೆಗಳನ್ನೂ ಬೆರಳಿಟ್ಟು ಎಣಿಸುವರು. ಅಂಜುವವನು ಗೋಡೆಗೆ ಒರಗಿ, ಪ್ರಸಾದದ ದೊನ್ನೆಯನ್ನು ಕೈಯಲ್ಲಿ ಹಿಡಿದು ಕುಳಿತು, ಅವರು ಕಂಡುದನ್ನು ಕೇಳಿ ತಿಳಿದುಕೊಳ್ಳುವನು. ಮಧ್ಯೆ ಮಧ್ಯೆ, ‘ಎಚ್ಚರ, ಸ್ವಲ್ಪ ಈಚೆಗೆ ಬನ್ನಿ’ ಎಂದು ಕೂಗುವವನೂ ಅವನೇ.