ಸಹಿ ಯಾರದು?

ನೋಡದೆ ಸಹಿ ಹಾಕಿದರೆ ಅದು ಸುಳ್ಳು ಹೇಳಿದಂತೆ ಆಗುತ್ತದೆಯೆ? ಪಂಡಿತರು ಇದನ್ನು ನೀತಿಶಾಸ್ತ್ರದ ಪ್ರಶ್ನೆ ಎಂದಾರು. ಬ್ಯಾಂಕಿನ ಗುಮಾಸ್ತನಿಗೆ ಇದು ಮಧ್ಯಾಹ್ನ ಮೂರು ಗಂಟೆಗೆ, ಕೌಂಟರಿನ ಮುಂದೆ ಜನ ನಿಂತಿರುವಾಗ ಏಳುವ ಪ್ರಶ್ನೆ.

ಬ್ಯಾಂಕಿನ ವ್ಯವಹಾರವೆಲ್ಲ ಒಂದು ಹಳೆಯ ಅಪನಂಬಿಕೆಯ ಮೇಲೆ ನಿಂತಿದೆ. ಒಬ್ಬ ಬರೆಯಬೇಕು, ಇನ್ನೊಬ್ಬ ನೋಡಿ ಪಾಸು ಮಾಡಬೇಕು. ಮನುಷ್ಯ ಕಳ್ಳನೆಂಬ ಕಾರಣಕ್ಕೆ ಮಾತ್ರ ಮಾಡಿದ ನಿಯಮವಲ್ಲ ಇದು. ಒಬ್ಬನಿಗೆ ಕಣ್ಣು ಮಂಜಾದ ಹೊತ್ತಿಗೆ ಇನ್ನೊಬ್ಬನ ಕಣ್ಣು ಚುರುಕಾಗಿರಬಹುದು ಎಂಬ ಲೆಕ್ಕಾಚಾರವೂ ಇದರಲ್ಲಿದೆ. 1993ರಲ್ಲಿ ಬ್ಯಾಂಕುಗಳಿಗೂ ನೌಕರ ಸಂಘಗಳಿಗೂ ಗಣಕೀಕರಣದ ಒಪ್ಪಂದವಾಯಿತು. ಮುಂದೆ ಲೆಡ್ಜರುಗಳು ಅಟ್ಟ ಸೇರಿದವು, ಕೋರ್ ಬ್ಯಾಂಕಿಂಗ್ ಬಂತು. ಬರೆಯುವವನು ಮೇಕರ್ ಆದ, ನೋಡುವವನು ಚೆಕರ್ ಆದ. ಹೆಸರು ಬದಲಾಯಿತೇ ಹೊರತು ಎರಡು ಜೊತೆ ಕಣ್ಣುಗಳ ನಿಯಮ ಬದಲಾಗಲಿಲ್ಲ.

ಈಗ ಆ ಸಾಲಿನಲ್ಲಿ ಕೂರಲು ಬರುತ್ತಿರುವವನಿಗೆ ಏಜೆಂಟ್ ಎಂದು ಹೆಸರು. ನಮ್ಮ ಕಡೆಯವರಿಗೆ ಏಜೆಂಟ್ ಎಂದರೆ ನೆನಪಾಗುವುದು ಪಿಗ್ಮಿ ಏಜೆಂಟ್. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಆರಂಭಿಸಿದ ಪದ್ಧತಿ ಅದು. ಅಂಗಡಿ ಬಾಗಿಲಿಗೆ ಬಂದವನ ಕೈಗೆ ಕೊಟ್ಟ ಚಿಲ್ಲರೆ, ಬ್ಯಾಂಕಿಗೇ ಕೊಟ್ಟ ಚಿಲ್ಲರೆ ಎಂಬ ನಂಬಿಕೆಯಿಂದಲೇ ಜನ ದಿನದಿನವೂ ಕೊಟ್ಟರು. ಹೊಸ ಏಜೆಂಟ್ ಮನುಷ್ಯನಲ್ಲ. ಭಾಷೆಯನ್ನು ಓದಿ ಬರೆಯಬಲ್ಲ ಕೃತಕ ಬುದ್ಧಿಮತ್ತೆಗೆ ಕಚೇರಿಯ ಹಳೆಯ ತಂತ್ರಾಂಶಗಳ ಬೀಗದ ಕೈ ಕೊಟ್ಟರೆ ಅದೇ ಏಜೆಂಟ್. ಅದು ಇಮೇಲ್ ಓದುತ್ತದೆ, ಅರ್ಜಿಯಿಂದ ಹೆಸರು ವಿಳಾಸ ಎತ್ತಿಕೊಳ್ಳುತ್ತದೆ, ಇನ್ನೊಂದು ತೆರೆಯಲ್ಲಿ ತುಂಬುತ್ತದೆ, ಮುಂದಿನ ಮೇಜಿಗೆ ಕಳುಹಿಸುತ್ತದೆ.

ಮೊದಲೂ ಇಂಥ ಕೆಲಸಕ್ಕೆ ಯಂತ್ರಗಳಿದ್ದವು. ಅವು ಹೇಳಿಕೊಟ್ಟ ದಾರಿ ಬಿಟ್ಟು ಹೋಗುತ್ತಿರಲಿಲ್ಲ. ತೆರೆಯ ಮೇಲಿನ ಒಂದು ಗುಂಡಿ ಜಾಗ ಬದಲಿಸಿದರೆ ಸಾಕು, ಎತ್ತಿನಂತೆ ನಿಂತುಬಿಡುತ್ತಿದ್ದವು. ನಮಗೆ ಸಿಟ್ಟು ಬರುತ್ತಿತ್ತು. ಈಗ ಅನಿಸುತ್ತದೆ, ತಿಳಿಯದಾಗ ನಿಲ್ಲುವುದೂ ಒಂದು ಪ್ರಾಮಾಣಿಕತೆಯೇ. ಏಜೆಂಟ್ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಅದರ ಗುಣವೂ ಅದೇ, ಭಯವೂ ಅದೇ. 2025ರ ಜುಲೈಯಲ್ಲಿ ರೆಪ್ಲಿಟ್ ಎಂಬ ಕಂಪೆನಿಯ ಏಜೆಂಟ್, ಏನನ್ನೂ ಬದಲಿಸಕೂಡದು ಎಂದು ಹೇಳಿದ್ದರೂ ಗ್ರಾಹಕರೊಬ್ಬರ ದತ್ತಾಂಶವನ್ನೆಲ್ಲ ಅಳಿಸಿಹಾಕಿತು. ಮತ್ತೆ ಪಡೆಯಲಾಗದು ಎಂದೂ ಹೇಳಿತು. ಪಡೆಯಲು ಸಾಧ್ಯವಿತ್ತು!

ಹಳೆಯ ತಂತ್ರಾಂಶಗಳನ್ನು ಕಟ್ಟಿದವರು ಒಂದು ವಿಷಯವನ್ನು ಹೇಳದೆಯೇ ಒಪ್ಪಿಕೊಂಡಿದ್ದರು: ಪ್ರತಿಯೊಂದು ಯೂಸರ್ ಐಡಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಕರೆದರೆ ಬಂದು ಉತ್ತರ ಹೇಳುತ್ತಾನೆ. ಪಾಸ್‌ವರ್ಡನ್ನು ಪಕ್ಕದವನಿಗೂ ಕೊಡಬೇಡಿ ಎಂದು ಕೆಲಸಕ್ಕೆ ಸೇರಿದ ದಿನದಿಂದ ನಮಗೆ ಪಾಠ ಹೇಳುತ್ತಾರೆ. ಏಜೆಂಟ್ ನನ್ನ ಐಡಿಯಲ್ಲೇ ಕೆಲಸ ಮಾಡಿದರೆ ಆ ಪಾಠ ಏನಾಯಿತು? ಲೆಕ್ಕ ಪರಿಶೋಧಕರು ಬಂದಾಗ ದಾಖಲೆಯಲ್ಲಿ ಕಾಣುವುದು ನನ್ನ ಹೆಸರು, ಮಾಡಿದ್ದು ನಾನಲ್ಲ. ಅದಕ್ಕೆ ಬೇರೆಯೇ ಐಡಿ ಇರಬೇಕು, ಹೊಸದಾಗಿ ಸೇರಿದ ಹುಡುಗನಿಗೆ ಇರುವಂತೆ ಮೊತ್ತದ ಮಿತಿ ಇರಬೇಕು. ಇಷ್ಟು ಮಾಡಲು ತಂತ್ರಜ್ಞರಿಗೆ ಕಷ್ಟವಿಲ್ಲ.

ಕಷ್ಟವಿರುವುದು ಹೊಣೆಯ ವಿಷಯದಲ್ಲಿ. ಕೆನಡಾದಲ್ಲಿ ಅಜ್ಜಿ ತೀರಿಕೊಂಡ ಒಬ್ಬ ಪ್ರಯಾಣಿಕನಿಗೆ ವಿಮಾನ ಕಂಪೆನಿಯ ಮಾತನಾಡುವ ಯಂತ್ರವು ರಿಯಾಯಿತಿಯ ವಿಷಯದಲ್ಲಿ ತಪ್ಪು ಮಾಹಿತಿ ಕೊಟ್ಟಿತು. ಯಂತ್ರ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂಬಂತೆ ಏರ್ ಕೆನಡಾ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿತು. ಪಿಗ್ಮಿಯ ನೀತಿಯೂ ಇದೇ ತಾನೆ? ನಮ್ಮ ರಿಸರ್ವ್ ಬ್ಯಾಂಕಿನ ಸಮಿತಿ 2025ರ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಏಳು ಸೂತ್ರಗಳಿವೆ. ಎಐಯನ್ನು ಬಳಸುವ ಸಂಸ್ಥೆಯೇ ಅದಕ್ಕೆ ಹೊಣೆ ಎಂಬುದು ಅವುಗಳಲ್ಲೊಂದು. ಒಳ್ಳೆಯದು. ಆದರೆ ಸಂಸ್ಥೆಯ ಹೊಣೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದು ಕೊನೆಗೆ ಎಲ್ಲಿ ನಿಲ್ಲುತ್ತದೆಂದು ಕೌಂಟರಿನಲ್ಲಿ ಕುಳಿತವರಿಗೆ ಗೊತ್ತು.

ಕೊನೆಯಲ್ಲಿ ಮನುಷ್ಯನೊಬ್ಬ ನೋಡಿಯೇ ನೋಡುತ್ತಾನೆ, ಭಯವೇಕೆ ಎನ್ನುತ್ತಾರೆ. ನೋಡುತ್ತಾನೆಯೆ? ಏಜೆಂಟ್ ತುಂಬಿದ ನೂರು ಅರ್ಜಿಗಳಲ್ಲಿ ತೊಂಬತ್ತೆಂಟು ಸರಿಯಾಗಿದ್ದವು ಎಂದಿಟ್ಟುಕೊಳ್ಳಿ. ಮೊದಲ ವಾರ ಎಲ್ಲವನ್ನೂ ಓದುತ್ತೇನೆ. ಎರಡನೆಯ ವಾರ ಮೊತ್ತ ಮಾತ್ರ ನೋಡುತ್ತೇನೆ. ತಿಂಗಳಾಗುವಾಗ ಬೆರಳು ತಾನಾಗಿ ಒತ್ತುತ್ತದೆ. ಅಷ್ಟರಲ್ಲಿ ಮೇಲಿನವರು ನಲ್ವತ್ತರ ಜಾಗದಲ್ಲಿ ಇನ್ನೂರು ನೋಡಬೇಕೆಂದಿರುತ್ತಾರೆ. ಒಪ್ಪಲು ಒಂದು ಒತ್ತು ಸಾಕು, ತಿರಸ್ಕರಿಸಲು ಕಾರಣ ಬರೆಯಬೇಕು. ತೆರೆಯನ್ನು ಹೀಗೆ ಮಾಡಿಟ್ಟವನು ನನ್ನ ನೀತಿಯನ್ನು ನನಗಿಂತ ಮೊದಲೇ ತೀರ್ಮಾನಿಸಿದ್ದಾನೆ. ನಾನು ಸುಳ್ಳು ಹೇಳಿರುವುದಿಲ್ಲ, ನನ್ನ ಸಹಿ ಹೇಳಿರುತ್ತದೆ.

ನನಗೆ ತೋಚುವುದು ಇಷ್ಟು: ಸಾಲನ್ನು ತಿರುಗಿಸಬೇಕು. ಮನುಷ್ಯ ಬರೆಯಲಿ, ಏಜೆಂಟ್ ಪರಿಶೀಲಿಸಲಿ, ಪಾಸು ಮಾಡುವ ಮನುಷ್ಯ ಅದರ ಆಕ್ಷೇಪಗಳನ್ನೂ ಓದಲಿ. ಅದಕ್ಕೆ ಆಯಾಸವಿಲ್ಲ; ಸಂಜೆಯ ಹೊತ್ತು ನಾನು ಬಿಟ್ಟ ಒಂದು ಸೊನ್ನೆಯನ್ನು ಅದು ಹಿಡಿದೀತು. ಇದರಿಂದ ಸಮಯ ಉಳಿಯದು, ತಪ್ಪು ಕಡಿಮೆಯಾದೀತು. ಏಜೆಂಟನ್ನು ತರುವವರಿಗೆ ಬೇಕಾಗಿರುವುದು ಸಮಯ, ಅದೂ ನಿಜವೇ.

ನಮ್ಮ ಗಡಿನಾಡಿನಲ್ಲಿ ಸಮಯ ಬೇಡುವ ಕೆಲಸ ಇನ್ನೊಂದುಂಟು. ಒಮ್ಮೆ ವಯಸ್ಸಾದ ಕೃಷಿಕರೊಬ್ಬರು ಸಾಲದ ಅರ್ಜಿ ತಂದರು. ಐತ್ತಪ್ಪ ಎಂದಿಟ್ಟುಕೊಳ್ಳಿ, ಕಾಸರಗೋಡಿನಲ್ಲಿ ಆ ಹೆಸರಿಗೆ ಬರವಿಲ್ಲ. ಅವರ ಬಳಿ ಆಧಾರವೂ ಇತ್ತು, ಆಧಾರ್ ಕಾರ್ಡೂ ಇತ್ತು. ಆಧಾರವೆಂದರೆ ಇಲ್ಲಿ ಜಾಗದ ದಸ್ತಾವೇಜು. ಇದು 1956ಕ್ಕಿಂತ ಹಿಂದಿನದು, ಇವರ ತಂದೆಯ ಹೆಸರಿನಲ್ಲಿ ಕನ್ನಡದಲ್ಲಿ ಬರೆದದ್ದು. ರೇಷನ್ ಕಾರ್ಡು ಮಲಯಾಳದಲ್ಲಿತ್ತು. ಇಂಗ್ಲಿಷಿನಲ್ಲಿ ಇವರ ಹೆಸರು ಒಂದು ಕಡೆ ಎ-ಐ ಎಂದು ಆರಂಭವಾಗುತ್ತಿತ್ತು, ಇನ್ನೊಂದು ಕಡೆ ಬರಿಯ ಐ, ಮತ್ತೊಂದರಲ್ಲಿ ಎ-ವೈ. ಹೆಸರು ಹೋಲಿಸುವ ತಂತ್ರಾಂಶ ಇಂಥಲ್ಲಿ ಶೇಕಡಾ ಇಷ್ಟು ಎಂದು ಒಂದು ಅಂಕಿ ಕೊಡುತ್ತದೆ. ಏಜೆಂಟ್ ಆ ಅಂಕಿಯನ್ನು ಹಿಡಿದು ತಿರಸ್ಕರಿಸಬಹುದು, ಅಥವಾ ಧೈರ್ಯದಿಂದ ಮೂವರನ್ನೂ ಒಬ್ಬನೆಂದು ಸೇರಿಸಿಬಿಡಬಹುದು. ಎರಡರಿಂದಲೂ ಒಬ್ಬನ ಜಾಗ ಹೋಗಲು ಸಾಧ್ಯ.

"ಮೂರೂ ನಾನೇ ಸಾರ್" ಎಂದರು ಅವರು.

ತರವಾಡಿನ ಹೆಸರು ಕೇಳಿದೆ, ತಂದೆಯ ಹೆಸರು ಕೇಳಿದೆ, ಜಾಗದ ಮೂಡಲಿಗೆ ಏನಿದೆ ಎಂದು ಕೇಳಿದೆ. ತೋಡು ಎಂದರು, ಆಧಾರದಲ್ಲೂ ತೋಡೇ ಇತ್ತು. ಅಫಿಡವಿಟ್ ಮಾಡಿಸಿ ತರಿಸಿ, ಟಿಪ್ಪಣಿ ಬರೆದು ಒಳಗೆ ಕಳುಹಿಸಿದೆ. ಅಧಿಕಾರಿ ಮಲಯಾಳಿ, ಕನ್ನಡ ಓದಲು ಬಾರದು. ನನ್ನನ್ನು ಕರೆಸಿದರು. "ಇವರ ಪರಿಚಯ ನಿಮಗಿದೆಯೆ?" ಎಂದರು. "ಇಲ್ಲ, ಕೇಳಿ ತಿಳಿದದ್ದು" ಎಂದೆ. ಹಾಗಾದರೆ ಆಧಾರವನ್ನು ಓದಿ ಎಂದರು. ನಾನು ಒಂದೊಂದೇ ಸಾಲು ಓದಿ ಮಲಯಾಳದಲ್ಲಿ ಹೇಳುತ್ತ ಹೋದೆ. ಹೊರಗೆ ಜನ ಗೊಣಗುತ್ತಿದ್ದರು. ಅವರು ಪೂರ್ತಿ ಕೇಳಿಸಿಕೊಂಡು, ತೋಡಿನ ಹತ್ತಿರ ಒಂದು ಸಲ ನಿಲ್ಲಿಸಿ ಮತ್ತೆ ಓದಿಸಿ, ಆಮೇಲೆ ಪೆನ್ನು ತೆಗೆದರು.