ಒರೆಗೆ ಹಚ್ಚಲು ಸಿಗಬೇಕು

ವಿಜ್ಞಾನಿಯೊಬ್ಬರ ಸಂಶೋಧನೆ ಎಷ್ಟು ಪ್ರಭಾವ ಬೀರಿದೆ ಎಂದು ತಿಳಿಯಲು ಒಂದು ಸಂಖ್ಯೆ ಸಾಕು ಎಂಬ ನಂಬಿಕೆ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದೆ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಮುಂದಿಟ್ಟ ಎಚ್-ಇಂಡೆಕ್ಸ್ ಅಂಥದ್ದು. ತಲಾ 40 ಬಾರಿಯಾದರೂ ಉಲ್ಲೇಖಗೊಂಡ 40 ಪ್ರಬಂಧಗಳಿದ್ದರೆ ಸೂಚ್ಯಂಕ 40. ನೇಮಕ, ಬಡ್ತಿ, ಅನುದಾನ ಎಲ್ಲಕ್ಕೂ ಇದರ ಮೇಲೆ ಕಣ್ಣು. ಮಾನಸಿಕ ಕಾಯಿಲೆ ಮತ್ತು ಡಿಮೆನ್ಷಿಯಾಗಳ ಸಂಶೋಧನೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ನಂಬಿಕೆ ನಿಲ್ಲುವುದು ಕಷ್ಟ.

1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸು ದಾಖಲಾದಳು. ಗಂಡನ ಮೇಲೆ ಇಲ್ಲದ ಸಂಶಯ, ಗಾಬರಿ, ವಿಪರೀತ ಮರೆವು. ವೈದ್ಯ ಅಲೋಯಿಸ್ ಆಲ್ಝೈಮರ್ ಎದುರು ಕೂತು ಮಾತಾಡಿಸಿದ. ಹೆಸರೇನು ಎಂದರೆ ಆಗಸ್ಟೆ ಎಂದಳು. ಗಂಡನ ಹೆಸರು ಕೇಳಿದರೂ ಆಗಸ್ಟೆಯೇ. ತಟ್ಟೆಯಲ್ಲಿ ಹೂಕೋಸು, ಹಂದಿಮಾಂಸ ಇದ್ದವು. ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಎಂದಳು. ಪ್ರಶ್ನೆ, ಉತ್ತರ ಎರಡನ್ನೂ ಆತ ಬರೆದಿಟ್ಟ. 1906ರಲ್ಲಿ ಆಕೆ ತೀರಿಕೊಂಡಾಗ, ಅಷ್ಟರಲ್ಲಿ ಮ್ಯೂನಿಕ್‌ಗೆ ಹೋಗಿದ್ದ ಆತ ಮೆದುಳನ್ನು ಅಲ್ಲಿಗೆ ತರಿಸಿಕೊಂಡ. ಅದರ ತೆಳು ಸೀಳುಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ನೋಡಿದರೆ ನರಕೋಶಗಳ ಹೊರಗೆ ಹೆಪ್ಪುಗಟ್ಟಿದ ಕಲೆಗಳು, ಒಳಗೆ ಸಿಕ್ಕುಬಿದ್ದ ಎಳೆಗಳು. ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗನ್ನಿನ ಮನೋವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂದೇ ಎಣಿಸಿದ್ದರೆ ಪ್ರಭಾವ ಸೊನ್ನೆ.

ಮುಂದೆ ಬಂದ ಕೀರ್ತಿಯೂ ಬರೀ ಯೋಗ್ಯತೆಯಿಂದ ಬಂದದ್ದಲ್ಲ. ಪ್ರಾಗ್‌ನ ಆಸ್ಕರ್ ಫಿಷರ್ 1907ರಲ್ಲಿ ಮರೆವಿಗೆ ಬಿದ್ದಿದ್ದ ವೃದ್ಧರ 16 ಮೆದುಳುಗಳನ್ನು ನೋಡಿ 12ರಲ್ಲಿ ಅದೇ ಬಗೆಯ ಕಲೆಗಳನ್ನು ವಿವರಿಸಿದ್ದ. ಆದರೆ 1910ರಲ್ಲಿ ಮ್ಯೂನಿಕ್‌ನ ಮನೋವೈದ್ಯ ಎಮಿಲ್ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಇಟ್ಟದ್ದು ತನ್ನದೇ ಸಂಸ್ಥೆಯ ಆಲ್ಝೈಮರನ ಹೆಸರನ್ನು. ಯಹೂದಿಯಾದ ಫಿಷರ್ 1942ರಲ್ಲಿ ನಾಜಿಗಳ ಸೆರೆಯಲ್ಲಿ ಸತ್ತ, ಹೆಸರೂ ಅಳಿಸಿಹೋಯಿತು. ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗವೆಂದೇ ಮೂಲೆಯಲ್ಲಿದ್ದ ಆಲ್ಝೈಮರ್ ಕಾಯಿಲೆ ಸಾರ್ವಜನಿಕ ಚಿಂತೆಯಾದದ್ದು, ಮುದುಕರ ಮರೆವೂ ಇದೇ ಕಾಯಿಲೆ ಎಂದು ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ 1976ರಲ್ಲಿ ವಾದಿಸಿದ ಮೇಲೆ. ಅರವತ್ತಕ್ಕೆ ಅರಳುಮರಳು ಎಂದು ಕೈತೊಳೆದುಕೊಳ್ಳುವ ಸಸಾರ ಜರ್ಮನಿ, ಅಮೆರಿಕಗಳಲ್ಲೂ ಅಷ್ಟು ಕಾಲ ಬಾಳಿತ್ತು.

ಸೊನ್ನೆ ಎಂದು ಕಂಡದ್ದು ಮುಂದೆ ಬೆಳೆಯಬಹುದಾದರೆ, ಬೆಟ್ಟವೆಂದು ಕಂಡದ್ದು ಕುಸಿಯಲೂಬಹುದು. ಆ ಕಲೆಗಳಲ್ಲಿ ಹೆಪ್ಪುಗಟ್ಟುವ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನಿನ ಒಂದು ವಿಶೇಷ ರೂಪವೇ ನೆನಪನ್ನು ಕೆಡಿಸುತ್ತದೆ ಎಂದ ಪ್ರಬಂಧವೊಂದು 2006ರಲ್ಲಿ ‘ನೇಚರ್’ನಲ್ಲಿ ಬಂತು. ಎರಡು ಸಾವಿರಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿತು. ಅದರ ಚಿತ್ರಗಳನ್ನು ತಿದ್ದಲಾಗಿದೆ ಎಂಬ ಅನುಮಾನ 2022ರಲ್ಲಿ ಬಹಿರಂಗವಾಯಿತು. 2024ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಉಲ್ಲೇಖದ ಎಣಿಕೆ ಪ್ರಭಾವದ ಗಾತ್ರವನ್ನು ಹೇಳುತ್ತದೆ, ದಿಕ್ಕನ್ನಲ್ಲ. ದಾರಿ ತಪ್ಪಿಸುವುದೂ ಪ್ರಭಾವವೇ.

ಹಾಗೆಂದು ಅನುದಾನ ಹಂಚುವವರು ಎಪ್ಪತ್ತು ವರ್ಷ ಕಾಯಲಾದೀತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಯಬೇಕಾಗಿಲ್ಲ, ಇವತ್ತೇ ನೋಡಬಹುದಾದ ಗುಣವೊಂದಿದೆ: ಆ ಕೆಲಸ ಬೇರೆಯವರ ಪರೀಕ್ಷೆಗೆ ಸಿಗುತ್ತದೆಯೇ? ಆಗಸ್ಟೆಯ ಕಡತ 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಪತ್ತೆಯಾಯಿತು. ಗಾಜಿನ ಸ್ಲೈಡುಗಳೂ ಮ್ಯೂನಿಕ್‌ನಲ್ಲಿ ಸಿಕ್ಕವು. ತೊಂಬತ್ತು ವರ್ಷ ಕಳೆದು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟಾಗ ಕಲೆಗಳೂ ಎಳೆಗಳೂ ಆಲ್ಝೈಮರ್ ಹೇಳಿದಂತೆಯೇ ಇದ್ದವು. ಆತನ ದೊಡ್ಡತನ ಹೆಸರಿನಲ್ಲಿಲ್ಲ, ತನ್ನನ್ನು ಸುಳ್ಳೆಂದು ಸಾಧಿಸಲು ಬೇಕಾದ ಸಾಮಗ್ರಿಯನ್ನೂ ಉಳಿಸಿಹೋದದ್ದರಲ್ಲಿದೆ.

ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಕೆಲಸವನ್ನು ಈ ಕಣ್ಣಿನಿಂದ ನೋಡಬೇಕು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಇದು ಓದಿನ ಫಲವಿರಬಹುದಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಅಲ್ಲೇ ಇತ್ತು: ಅಕ್ಷರ ಬಾರದವರಲ್ಲೂ ಈ ಅಂತರ ಕಂಡಿತ್ತು. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಬೇರೆ ಕಡೆಯ ಅಧ್ಯಯನಗಳಲ್ಲಿ ಹಲವು ಇದನ್ನು ಒಪ್ಪಿಲ್ಲ. ಒಪ್ಪದಿರುವುದೂ ಈ ಕೆಲಸದ ಪ್ರಭಾವದ ಲೆಕ್ಕಕ್ಕೇ ಸೇರಬೇಕು. ನಾಲ್ಕು ಭಾಷೆಗಳ ಬೀದಿಯಲ್ಲಿ ಬದುಕುವವರನ್ನು ಬಿಟ್ಟು ಮೆದುಳಿನ ಬಗ್ಗೆ ಮಾತಾಡುವಂತಿಲ್ಲ ಎಂಬ ಒತ್ತಡವನ್ನು ಅದು ತಂದಿದೆ.

ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯ, ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಹಿಂಬಾಲಿಸುತ್ತಿರುವ ಮೆದುಳು ಸಂಶೋಧನಾ ಕೇಂದ್ರದ ಅಧ್ಯಯನ, ಇವು ತಟ್ಟನೆ ಅಂಕ ತರುವ ಕೆಲಸಗಳಲ್ಲ. ಇನ್ನೂ ಹುಟ್ಟದ ಪ್ರಶ್ನೆಗಳಿಗೆ ಸಾಮಗ್ರಿ ಕೂಡಿಡುವ ಕೆಲಸಗಳು. ಆಯ್ಕೆ ಸಮಿತಿಗಳು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂದು ಕೇಳುವ ಮೊದಲು, ಮೂಲ ದತ್ತಾಂಶ ಎಲ್ಲಿದೆ, ಹೊರಗಿನವರು ಯಾರು ಒರೆಗೆ ಹಚ್ಚಿದ್ದಾರೆ ಎಂದು ಕೇಳಲಿ. ಹಾಗೆ ಕೇಳತೊಡಗಿದರೆ ಕೆಲವು ದೊಡ್ಡ ಹೆಸರುಗಳು ಚಿಕ್ಕವಾದಾವು, ಆಗಲಿ. ತಪ್ಪು ದಾರಿಯಲ್ಲಿ ಕಳೆದ ವರ್ಷಗಳ ಬೆಲೆ ತೆರುವವರು ಸಂಶೋಧಕರಲ್ಲ, ರೋಗಿಗಳು ಮತ್ತು ಅವರ ಮನೆಯವರು.