ಕಿಟಕಿ ಪಕ್ಕದ ಟೇಬಲ್

ಅಮ್ಮ ಹುಟ್ಟಿದ ದಿನ ಯಾವುದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇದೆ. ಮಕರ ತಿಂಗಳಲ್ಲಿ ಹುಟ್ಟಿದ್ದು ಅಂತ ಅಜ್ಜಿ ಹೇಳ್ತಿದ್ದರು. ಹಾಗಾಗಿ ಅವಳಿಗೆ ಅರವತ್ತು ತುಂಬಿದ ವರ್ಷ, ಜನವರಿಯ ಮೂರನೇ ಶನಿವಾರವನ್ನು ನಾನೇ ಹುಟ್ಟುಹಬ್ಬ ಅಂತ ಫಿಕ್ಸ್ ಮಾಡಿದೆ. ಆ ವಾರ ಅಮ್ಮ ಸುಳ್ಯದಿಂದ ಬೆಂಗಳೂರಿಗೆ ಬಂದಿದ್ದಳು. ಅಪ್ಪ ಬರಲಿಲ್ಲ. ತೋಟ, ದನ ಬಿಟ್ಟು ಇಬ್ಬರೂ ಒಟ್ಟಿಗೆ ಹೊರಡುವ ಹಾಗಿಲ್ಲ.

ಸೂರ್ಯ ಮುಳುಗುವಾಗ ಇಡೀ ಸಿಟಿ ಕಾಣುವಂಥ ಹೋಟೆಲಿಗೆ ಕರಕೊಂಡು ಹೋಗಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ನಮ್ಮ ಕೆಲಸದವರ ಅಭ್ಯಾಸ, ಒಂದು ಎಕ್ಸೆಲ್ ಶೀಟ್ ಮಾಡಿದೆ. ಎಂ.ಜಿ. ರಸ್ತೆಯ ಬಾರ್ಟನ್ ಸೆಂಟರಿನ 13ನೇ ಮಹಡಿ, ರಾಜಾಜಿನಗರದ ವರ್ಲ್ಡ್ ಟ್ರೇಡ್ ಸೆಂಟರಿನ 31ನೇ ಮಹಡಿ, ಇನ್ನೂ ನಾಲ್ಕೈದು. ಪಶ್ಚಿಮಕ್ಕೆ ಮುಖ ಇದೆಯಾ, ಸದ್ದು ಎಷ್ಟು, ಕಿಟಕಿ ಪಕ್ಕದ ಟೇಬಲಿಗೆ ಕನಿಷ್ಠ ಎಷ್ಟು ಬಿಲ್ ಆಗಬೇಕು, ಎಲ್ಲದಕ್ಕೂ ಒಂದೊಂದು ಕಾಲಂ. ಅಮ್ಮನಿಗೆ ಏನು ಇಷ್ಟ ಅನ್ನುವ ಕಾಲಂ ಮಾತ್ರ ಇರಲಿಲ್ಲ. ಸರ್‌ಪ್ರೈಸ್ ಅಲ್ವಾ, ಕೇಳುವ ಹಾಗಿಲ್ಲ.

ಕೊನೆಗೆ ಆರಿಸಿದ ಹೋಟೆಲಿನ ಹೆಸರು ಇಲ್ಲಿ ಮುಖ್ಯ ಅಲ್ಲ. ಅವರದೇನೂ ತಪ್ಪಿಲ್ಲ. ಆರು ಗಂಟೆಗೆ ಕೂತೆವು. ಆರೂ ಕಾಲರ ಹೊತ್ತಿಗೆ ಸೂರ್ಯ ಕಟ್ಟಡಗಳ ಹಿಂದೆ ಕೆಂಪಗೆ ಇಳಿಯುತ್ತಿದ್ದ, ಊಟವೂ ಬಂತು. ನನ್ನ ಟೈಮಿಂಗ್ ಬಗ್ಗೆ ನನಗೇ ಹೆಮ್ಮೆ ಆಯ್ತು. ಅಮ್ಮ ತಟ್ಟೆ ಮುಟ್ಟಲಿಲ್ಲ.

"ಮೂರ್ಸಂಜೆ ಹೊತ್ತಲ್ಲಿ ಉಣ್ಣಬಾರದು ಮಗಾ. ದೀಪ ಹಚ್ಚಿದ ಮೇಲೆ ತಿಂತೇನೆ. ನೀನು ತಿನ್ನು."

ಇದು ನನಗೆ ಗೊತ್ತಿಲ್ಲದ ವಿಷಯವೇ? ಹದಿನೆಂಟು ವರ್ಷ ಅದೇ ಮನೆಯಲ್ಲಿ ಬೆಳೆದವನು ನಾನು. ಅಮ್ಮ ದಿನದಲ್ಲಿ ಯಾವ ಹೊತ್ತು ಉಣ್ಣುವುದಿಲ್ಲವೋ ಸರಿಯಾಗಿ ಅದೇ ಹೊತ್ತಿಗೆ, ಹೆಚ್ಚು ದುಡ್ಡು ಕೊಟ್ಟು ಟೇಬಲ್ ಬುಕ್ ಮಾಡಿದ್ದೆ.

ಅವಳು ಹೊರಗೆ ನೋಡುತ್ತಾ ಕೂತಳು. ಆಮೇಲೆ ಕೇಳಿದಳು, "ಇದ್ರಲ್ಲಿ ನಿನ್ನ ಮನೆ ಎಲ್ಲಿ ಉಂಟು?" ನಾನು ಕಿಟಕಿಗೆ ಮುಖ ಒತ್ತಿ ಹುಡುಕಿದೆ. ಸಿಗಲಿಲ್ಲ. ನನ್ನ ಮನೆ ಇದ್ದದ್ದು ಕಟ್ಟಡದ ಇನ್ನೊಂದು ಬದಿಗೆ.

"ಅಂಗಳದಿಂದ ಒಳ್ಳೆಮೆಣಸು ಒಳಗೆ ತಂದ್ರೋ ಇಲ್ವೋ ನಿನ್ನಪ್ಪ," ಅಂದಳು.

ಅಲ್ಲಿ ಇನ್ನೂ ಬೆಳಕು ಇರ್ತದೆ ಅಂದೆ. ಅದು ನಿಜ. ಸುಳ್ಯ ಬೆಂಗಳೂರಿಗಿಂತ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಅಲ್ಲಿ ಸುಮಾರು 9 ನಿಮಿಷ ತಡವಾಗಿ ಕಂತುತ್ತದೆ. ಅಮ್ಮ ನಕ್ಕಳು. "ನಮ್ಮಲ್ಲಿ ಸೂರ್ಯ ಐದಕ್ಕೇ ಗುಡ್ಡೆ ಹಿಂದೆ ಹೋಗ್ತಾನಲ್ಲ ಮಾರಾಯ." ಅದೂ ನಿಜ. ನಮ್ಮ ತೋಟ ಇರುವುದು ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ. ಸೂರ್ಯ ಮುಳುಗುವುದನ್ನು ಮನೆಯಿಂದ ನಾನು ಒಮ್ಮೆಯೂ ನೋಡಿಲ್ಲ. ಆ ಹೊತ್ತು ಅಂದರೆ ದನ ಕಟ್ಟುವುದು, ಒಣಗಲು ಹಾಕಿದ್ದನ್ನು ಒಳಗೆ ತರುವುದು, ಬಚ್ಚಲ ಒಲೆಗೆ ಬೆಂಕಿ ಹಾಕುವುದು, ಕೈಕಾಲು ತೊಳೆದು ದೀಪ ಹಚ್ಚುವುದು. ಸಂಜೆಯನ್ನು ನೋಡಲು ಪುರುಸೊತ್ತು ಇರಲಿಲ್ಲ.

ಹಾಗಾದರೆ ಈ ನೋಟ ಯಾರಿಗಾಗಿ? ಪ್ರಾಮಾಣಿಕವಾಗಿ ಹೇಳುವುದಾದರೆ ನನಗಾಗಿ. ಊರು ಬಿಟ್ಟದ್ದಕ್ಕೆ, ಅಪ್ಪ ಅಮ್ಮ ಇಬ್ಬರೇ ತೋಟದಲ್ಲಿ ಉಳಿದದ್ದಕ್ಕೆ ನನಗೊಂದು ಸಮಜಾಯಿಷಿ ಬೇಕಿತ್ತು. ಇಷ್ಟು ಎತ್ತರದಿಂದ ನೋಡಿದರೆ ಬೆಂಗಳೂರು ಚಂದ ಕಾಣ್ತದೆ, ಅಮ್ಮನೂ "ಪರವಾಗಿಲ್ಲ, ಹೋದದ್ದು ಒಳ್ಳೇದೇ ಆಯ್ತು" ಅಂತಾಳೆ. ಬಿಲ್ ಕಟ್ಟಿದ್ದು ಆ ಒಂದು ಮಾತಿಗೆ.

ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, "ಪ್ರೀತಿಯಿಂದ ಮಾಡಿದ್ದಲ್ವಾ, ಯಾಕೆ ತಲೆ ಕೆಡಿಸ್ಕೊಳ್ತೀಯ?" ಅಂದ. ಅವನ ಮಾತಿನಲ್ಲೂ ಹುರುಳಿದೆ. ಕೊಡುವವನ ಸ್ವಾರ್ಥ ಚೂರೂ ಇಲ್ಲದ ಉಡುಗೊರೆ ಮಾತ್ರ ಉಡುಗೊರೆ ಅಂದರೆ ಯಾರೂ ಯಾರಿಗೂ ಏನೂ ಕೊಡಲಾಗದು. ಮೊದಲೇ ಕೇಳಿಬಿಡಬಹುದಿತ್ತಲ್ಲ ಅಂತ ನೀವು ಅನ್ನಬಹುದು. ಆದರೆ ನಮ್ಮ ಅಮ್ಮಂದಿರನ್ನು ಕೇಳಿ ನೋಡಿ, "ನಂಗೆ ಎಂತ ಬೇಡ" ಅಂತಾರೆ. ಅವರಿಗೆ ಏನು ಬೇಕು ಅಂತ ತಿಳಿಯಬೇಕಾದರೆ ಜೊತೆಗೆ ಇರಬೇಕು, ಸುಮ್ಮನೆ ನೋಡುತ್ತಿರಬೇಕು. ಅದಕ್ಕೆ ಸಮಯ ಬೇಕು, ನಾನು ಕೊಡದೇ ಇದ್ದದ್ದು ಅದೊಂದನ್ನೇ. ಸರ್‌ಪ್ರೈಸ್ ಅನ್ನುವುದು ಆ ಕೊರತೆಯನ್ನು ಮುಚ್ಚಲು ಸಿಗುವ ಸುಲಭದ ದಾರಿ.

ಅಮ್ಮನನ್ನು ಊರಿಗೆ ಬಿಡಲು ಹೋಗುವಾಗ ಮಡಿಕೇರಿಯಲ್ಲಿ ರಾಜಾಸೀಟಿಗೆ ಹೋದೆವು. ಕೊಡಗಿನ ರಾಜರು ಅಲ್ಲಿ ಕೂತು ಸೂರ್ಯಾಸ್ತ ನೋಡುತ್ತಿದ್ದರಂತೆ. ಕೆಳಗೆ ಕಣಿವೆ, ಮಂಗಳೂರಿಗೆ ಇಳಿಯುವ ರಸ್ತೆ, ಬೆಟ್ಟಗಳ ಸಾಲು, ಅದರಾಚೆಗೆ ನಮ್ಮ ಸುಳ್ಯ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶ ಮಾಡಿಕೊಳ್ಳುವವರೆಗೆ ಅಮರ ಸುಳ್ಯ ಸೀಮೆಯೂ ಆ ರಾಜರದ್ದೇ ಆಗಿತ್ತು. ರಾಜ ಅಲ್ಲಿ ಕೂತು ಸಂಜೆ ನೋಡುವಾಗ ಆ ಬೆಟ್ಟಗಳ ಬುಡದಲ್ಲಿ ನಮ್ಮ ಹಿರಿಯರು ದನ ಕಟ್ಟುತ್ತಿದ್ದಿರಬೇಕು. ಮೇಲಿನವನ ನೋಟದೊಳಗೆ ಕೆಳಗಿನವರ ದುಡಿಮೆ ಇರುತ್ತದೆ, ಅಲ್ಲಿಂದ ಅದು ಕಾಣುವುದಿಲ್ಲ ಅಷ್ಟೆ. ಬೆಂಗಳೂರಿನ ಆ ಕಿಟಕಿಯಿಂದ ನಾನು ಚಂದ ಅಂದುಕೊಂಡ ದೀಪಗಳಲ್ಲೂ ಎಷ್ಟೋ ಆಫೀಸಿನವು. ರಿಲೀಸ್ ಇರುವ ಶನಿವಾರಗಳಲ್ಲಿ ಅಂಥ ಒಂದು ದೀಪದ ಕೆಳಗೆ ನಾನೂ ಇರುತ್ತೇನೆ. ನನಗೆ ಅಲ್ಲಿಂದ ಕಂಡದ್ದು ವ್ಯೂ. ಅಮ್ಮ ಮಾತ್ರ ಅದರೊಳಗೆ ಒಂದು ಮನೆ ಹುಡುಕಿದಳು.

ಎತ್ತರದಿಂದ ಸಂಜೆ ನೋಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ದಿನ ಕತ್ತಲಾದ ಮೇಲೆ ಹುಡುಗನೊಬ್ಬ ಬಂದು ನಮ್ಮ ಟೇಬಲಿನ ಮೇಲೆ ಪುಟ್ಟ ಮೇಣದ ಬತ್ತಿ ಹಚ್ಚಿದ. ಅಮ್ಮ ಅದಕ್ಕೆ ಕೈ ಮುಗಿದಳು. ಆಮೇಲೆ ತಣ್ಣಗಾಗಿದ್ದ ಊಟವನ್ನು ಬಿಸಿ ಮಾಡಿಸಿ, ಒಂದು ಚೂರೂ ಬಿಡದೆ ಉಂಡಳು. ಚೆನ್ನಾಗಿತ್ತು ಅಂದಳು. ನಂಬಿದೆ.

ಈ ಸಲ ಫೋನಲ್ಲಿ ಹುಟ್ಟುಹಬ್ಬದ ಮಾತೆತ್ತದೆ, ಬರ್ತಾ ಇದ್ದೇನೆ ಅಂತಷ್ಟೇ ಹೇಳಿದೆ. "ಒಳ್ಳೆಮೆಣಸು ಕೊಯ್ಯಲಿಕ್ಕೆ ಜನ ಸಿಗುವುದಿಲ್ಲ. ಬರುವುದಾದ್ರೆ ನಾಲ್ಕು ದಿನ ಹೆಚ್ಚಿಗೆ ರಜೆ ಹಾಕಿ ಬಾ," ಅಂದಳು ಅಮ್ಮ. ರಜೆ ಅಪ್ಲೈ ಮಾಡಿದ್ದೇನೆ.